ಒಂದು ಬಾವಿ, ಹಲವು ಸೆಲೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ಭೀಮಾ ನದಿಯ ಬಯಲಿನಲ್ಲಿ, ಅಗರಖೇಡವೆಂಬ ಊರಿದೆ. ಮೇಲೆ ಎರೆಮಣ್ಣು, ಅದರಡಿ ಗರಸು, ಅದಕ್ಕೂ ಕೆಳಗೆ ಕರಿಕಲ್ಲು. ಈ ಸೀಮೆಯಲ್ಲಿ ನೆಲವನ್ನು ಅಗೆದರೆ ಬಹುಮಟ್ಟಿಗೆ ಕಾಣುವ ಕ್ರಮ ಇದೇ. ಆ ಕರಿಕಲ್ಲು ಕೂಡ ಒಂದೇ ಅಖಂಡ ಬಂಡೆಯಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿದ ಕಲ್ಲಿನ ರಸವು ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು, ಹೀಗೆ ಹಾಸಿನ ಮೇಲೆ ಹಾಸಾಗಿ ನಿಂತದ್ದು ಅದು. ಪ್ರತಿಯೊಂದು ಹಾಸಿನ ಮೇಲ್ಭಾಗವು ಗುಳ್ಳೆಗುಳ್ಳೆಯಾಗಿರುತ್ತದೆ. ನಡುಭಾಗವು ಬಲು ಗಟ್ಟಿ. ಎರಡು ಹಾಸುಗಳ ನಡುವೆ ಅಲ್ಲಲ್ಲಿ ಕೆಂಪುಮಣ್ಣಿನ ತೆಳುವಾದ ಪದರವುಂಟು. ನೀರು ನಿಲ್ಲುವುದು ಮೇಲಿನ ಗರಸಿನಲ್ಲಿ, ಗುಳ್ಳೆಗಲ್ಲಿನಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ.

ಇಂಥ ನೆಲದಲ್ಲಿ ಕೊಳವೆ ಬಾವಿಯೊಂದನ್ನು ಕೊರೆದರೆಂದು ಭಾವಿಸೋಣ. ಮೇಲಿನ ಸಡಿಲ ಭಾಗ ಕುಸಿಯದಂತೆ ಅಷ್ಟಕ್ಕೆ ಮಾತ್ರ ಕೇಸಿಂಗ್ ಪೈಪು ಇಳಿಸುತ್ತಾರೆ. ಅದರ ಕೆಳಗಿನದೆಲ್ಲ ಬರಿಯ ತೆರೆದ ರಂಧ್ರ. 100 ಅಡಿಯಲ್ಲಿ ಒಂದು ಸೆಲೆ, 250 ಅಡಿಯಲ್ಲಿ ಇನ್ನೊಂದು, 400 ಅಡಿಯಲ್ಲಿ ಮತ್ತೊಂದು ಸಿಕ್ಕಿತೆನ್ನಿ. ಮೂರೂ ಒಂದೇ ರಂಧ್ರಕ್ಕೆ ಇಳಿದು, ಒಂದೇ ಪಂಪಿನಿಂದ ಮೇಲೇರಿ, ಒಂದೇ ಧಾರೆಯಾಗಿ ನಿಂಬೆಯ ತೋಟಕ್ಕೆ ಹರಿಯುತ್ತವೆ. ಆ ಧಾರೆಯಲ್ಲಿ ಯಾವ ಸೆಲೆಯ ಪಾಲೆಷ್ಟು? ಒಡೆಯನಿಗೆ ಅದು ತಿಳಿಯದು. ತಿಳಿಯದೆ ಇರುವುದರಿಂದ ನಷ್ಟವೇನೆಂದು ಕೇಳಬಹುದು. ಮೇಲಿನ ಸೆಲೆ ವರ್ಷವರ್ಷವೂ ಮಳೆಯಿಂದ ತುಂಬುವ ದುಡಿಮೆಯ ಹಣವಿದ್ದಂತೆ; ಕೆಳಗಿನದು ಬಹುಕಾಲದಿಂದ ಕೂಡಿಟ್ಟ ಗಂಟು. ತಾನು ವೆಚ್ಚ ಮಾಡುತ್ತಿರುವುದು ಯಾವುದೆಂಬುದನ್ನು ಅರಿಯದವನು ಒಂದು ಬೇಸಿಗೆಯಲ್ಲಿ ಗಂಟು ಬರಿದಾದಾಗಲೇ ಎಚ್ಚರಗೊಳ್ಳುತ್ತಾನೆ.

ಇದೇ ಪ್ರಶ್ನೆಯನ್ನು ನೀರಿಗಿಂತ ಬೆಲೆಬಾಳುವ ಇನ್ನೊಂದು ದ್ರವದ ವಿಷಯದಲ್ಲಿ ಕೇಳಿ, ಉತ್ತರವನ್ನೂ ಪಡೆದವರಿದ್ದಾರೆ. ಅವರು ಕಲ್ಲೆಣ್ಣೆಯ ಬಾವಿಗಳನ್ನು ನೋಡಿಕೊಳ್ಳುವ ರಸಾಯನ ವಿಜ್ಞಾನಿಗಳು. ಅವರ ಉಪಾಯವನ್ನು ವಿವರಿಸಿ, ಅದು ನಮ್ಮ ಕೊಳವೆ ಬಾವಿಗೆ ಎಷ್ಟರಮಟ್ಟಿಗೆ ಒದಗೀತೆಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಕರಿಕಲ್ಲಿನ ಮೇಲಿನ ಎಣ್ಣೆ

ಅಗರಖೇಡದ ಕರಿಕಲ್ಲಿಗೂ ಕಲ್ಲೆಣ್ಣೆಗೂ ಒಂದು ನೆರೆಹೊರೆಯ ಸಂಬಂಧವುಂಟು. ಇಲ್ಲಿ ಮಣ್ಣಿನಡಿಯಲ್ಲೇ ಸಿಗುವ ಈ ಕಲ್ಲಿನ ಹಾಸು ಮಹಾರಾಷ್ಟ್ರವನ್ನು ಬಹುಪಾಲು ಆವರಿಸಿಕೊಂಡು ಗುಜರಾತನ್ನು ಮುಟ್ಟುತ್ತದೆ. ಅಲ್ಲಿ ಖಂಭಾತದ ತಗ್ಗಿನಲ್ಲಿ ನೆಲವು ಕುಸಿದು, ಕರಿಕಲ್ಲು ಪಾತಾಳಕ್ಕಿಳಿದು, ಅದರ ಮೇಲೆ ಸಾವಿರಾರು ಮೀಟರ್ ದಪ್ಪದ ಮರಳೂ ಜೇಡಿಯೂ ತುಂಬಿಕೊಂಡವು. ಹೂತುಹೋದ ಸೂಕ್ಷ್ಮಜೀವಿಗಳ ಮತ್ತು ಸಸ್ಯಗಳ ಅವಶೇಷಗಳು ಆ ಜೇಡಿಯಲ್ಲಿ ಕಾವಿಗೆ ಮಾಗಿ ಎಣ್ಣೆಯಾದವು. ಎಣ್ಣೆಯು ಸೂಸಿ ಮರಳುಗಲ್ಲಿನ ಸಂದುಗಳನ್ನು ಸೇರಿತು. 1956ರಲ್ಲಿ ಸ್ಥಾಪಿತವಾದ ಎಣ್ಣೆ ಮತ್ತು ನೈಸರ್ಗಿಕ ಅನಿಲ ಆಯೋಗವು ಖಂಭಾತದ ಬಳಿ ಲೂಣೇಜಿನಲ್ಲಿ 1958ರಲ್ಲಿ ಎಣ್ಣೆಯನ್ನು ಕಂಡಿತು. 1960ರಲ್ಲಿ ಅಂಕಲೇಶ್ವರದ ನಿಕ್ಷೇಪವು ಬೆಳಕಿಗೆ ಬಂದಿತು. 1974ರಲ್ಲಿ ಮುಂಬಯಿಯ ಪಶ್ಚಿಮದ ಕಡಲಿನಲ್ಲಿ ದೊರೆತ ‘ಮುಂಬಯಿ ಹೈ’ ನಿಕ್ಷೇಪವಂತೂ ಭಾರತದ ಎಣ್ಣೆಯ ಚರಿತ್ರೆಯನ್ನೇ ಬದಲಿಸಿತು.

ಈ ನಿಕ್ಷೇಪಗಳು ಯಾವುವೂ ನೆಲದಡಿಯ ಎಣ್ಣೆಯ ಕೆರೆಗಳಲ್ಲ. ಅಂಕಲೇಶ್ವರದಲ್ಲಿ ಎಣ್ಣೆ ಇರುವುದು ಒಂದರ ಕೆಳಗೊಂದಾಗಿರುವ ಅನೇಕ ಮರಳುಗಲ್ಲಿನ ಪದರಗಳಲ್ಲಿ. ಅವುಗಳ ನಡುವೆ ಜೇಡಿಗಲ್ಲಿನ ಅಡ್ಡಗೋಡೆಗಳಿವೆ. ಮುಂಬಯಿ ಹೈಯಲ್ಲಿ ಎಣ್ಣೆಯನ್ನು ಹಿಡಿದಿರುವುದು ಮುಖ್ಯವಾಗಿ ಸುಣ್ಣಕಲ್ಲು. ಅಲ್ಲಿಯೂ ಎರಡನೆಯ ಮತ್ತು ಮೂರನೆಯ ಸುಣ್ಣಕಲ್ಲೆಂದು ಹೆಸರಿಟ್ಟ ಬೇರೆ ಬೇರೆ ಹಾಸುಗಳಿವೆ. ಅವುಗಳಲ್ಲಿ ಮುಖ್ಯವಾದ ಮೂರನೆಯದು ಮತ್ತೆ ಹಲವು ಪದರಗಳಾಗಿ ಒಡೆದಿದೆ.

ಪದರಕ್ಕೊಂದು ಬಾವಿಯನ್ನು ತೋಡಿದರೆ ಲೆಕ್ಕ ಸುಲಭ. ಆದರೆ ಎಣ್ಣೆಯ ಬಾವಿ ಅಗ್ಗದ ಕೆಲಸವಲ್ಲ. ಕಡಲಿನಲ್ಲಂತೂ ವೆಚ್ಚ ಹಲವು ಪಟ್ಟು. ಆದುದರಿಂದ ಒಂದೇ ಬಾವಿಯ ಉಕ್ಕಿನ ಕೊಳವೆಗೆ ಎರಡು ಮೂರು ಪದರಗಳ ಎದುರಿನಲ್ಲಿ ತೂತುಗಳನ್ನು ಮಾಡಿ, ಎಲ್ಲದರ ಎಣ್ಣೆಯನ್ನೂ ಒಟ್ಟಿಗೆ ಮೇಲೆ ತರುವುದುಂಟು. ಆಗ ನಮ್ಮ ಕೊಳವೆ ಬಾವಿಯ ಒಡೆಯನ ಪ್ರಶ್ನೆಯೇ ಎಣ್ಣೆಯ ಎಂಜಿನಿಯರನ ಪ್ರಶ್ನೆಯೂ ಆಗುತ್ತದೆ.

ಪಾಲಿನ ಲೆಕ್ಕ ಏಕೆ ಬೇಕು?

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡು ಪದರಗಳಿಂದ ಎಣ್ಣೆ ತೆಗೆಯುವ ಬಾವಿಯೊಂದು ಮೊದಲು ದಿನಕ್ಕೆ 100 ಘನ ಮೀಟರ್ ಕೊಡುತ್ತಿತ್ತು. ಎರಡು ವರ್ಷಗಳ ಮೇಲೆ 70 ಘನ ಮೀಟರಿಗೆ ಇಳಿಯಿತು. ಒಟ್ಟು ಮೊತ್ತವನ್ನಷ್ಟೇ ನೋಡಿದವನು ‘ಬಾವಿಗೆ ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾನೆ. ಆದರೆ ಮೊದಲು ಮೇಲಿನ ಪದರದ ಪಾಲು 60, ಕೆಳಗಿನದು 40 ಇದ್ದು, ಈಗ ಮೇಲಿನದು 56, ಕೆಳಗಿನದು ಬರಿಯ 14 ಆಗಿದ್ದರೆ? ಆಗ ದಣಿದದ್ದು ಇಡೀ ಬಾವಿಯಲ್ಲ. ಕೆಳಗಿನ ಪದರದ ಬಾಯಿಗೆ ಮರಳೋ ಮೇಣವೋ ಸುಣ್ಣದ ಗಟ್ಟಿಯೋ ಅಡ್ಡ ಬಂದಿರಬಹುದು, ಅಥವಾ ಆ ಪದರದ ಒತ್ತಡವೇ ಕುಗ್ಗಿರಬಹುದು. ಅಡ್ಡಿಯಾದರೆ ತೊಳೆದು ತೆಗೆಯಬಹುದು. ಒತ್ತಡ ಕುಗ್ಗಿದ್ದರೆ ಆ ಪದರಕ್ಕೆ ನೀರನ್ನು ತುಂಬಿ ಎಣ್ಣೆಯನ್ನು ಬಾವಿಯ ಕಡೆಗೆ ತಳ್ಳಬಹುದು. ಪಾಲು ತಿಳಿಯದೆ ಹೋದರೆ ಈ ಯಾವ ಚಿಕಿತ್ಸೆಯೂ ನಡೆಯದೆ, ಬರಬೇಕಾದ ಎಣ್ಣೆ ಕಲ್ಲಿನಲ್ಲೇ ಉಳಿದುಹೋಗುತ್ತದೆ. ನಮ್ಮ ದೇಶವು ತನಗೆ ಬೇಕಾದ ಎಣ್ಣೆಯ ಬಹುಭಾಗವನ್ನು ಹೊರಗಿನಿಂದ ಕೊಳ್ಳುತ್ತಿರುವಾಗ ಇದು ಸಣ್ಣ ನಷ್ಟವಲ್ಲ.

ಪಾಲನ್ನು ಅಳೆಯುವ ಹಳೆಯ ವಿಧಾನವೊಂದುಂಟು. ಸಣ್ಣ ಗಿರಿಗಟ್ಟಲೆಯಂಥ ಚಕ್ರವುಳ್ಳ ಮಾಪಕವನ್ನು ತಂತಿಯಲ್ಲಿ ಕಟ್ಟಿ ಬಾವಿಯೊಳಕ್ಕೆ ಇಳಿಸುತ್ತಾರೆ. ಯಾವ ಆಳದಲ್ಲಿ ಹರಿವು ಎಷ್ಟು ಹೆಚ್ಚಿತೆಂಬುದನ್ನು ಚಕ್ರದ ವೇಗವು ಹೇಳುತ್ತದೆ. ವಿಧಾನವು ಒಳ್ಳೆಯದೇ. ಆದರೆ ಅದಕ್ಕೆ ವೆಚ್ಚವೂ ಹೆಚ್ಚು, ನುರಿತ ಜನರೂ ಬೇಕು. ಪಂಪು ಕೂತಿರುವ ಬಾವಿಯಲ್ಲಿ ಮಾಪಕವನ್ನು ಇಳಿಸುವುದು ಕಷ್ಟ. ಓರೆಯಾಗಿ ಕೊರೆದ ಬಾವಿಯಲ್ಲಿ ಎಣ್ಣೆ, ನೀರು, ಅನಿಲಗಳು ಬೇರೆ ಬೇರೆಯಾಗಿ ಹರಿಯುವುದರಿಂದ ಚಕ್ರವು ತಪ್ಪು ಹೇಳುವುದೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಅದು ಹೇಳುವುದು ಇಳಿಸಿದ ಆ ಒಂದು ದಿನದ ಸುದ್ದಿಯನ್ನು ಮಾತ್ರ.

ಬಾವಿಯ ಬಾಯಲ್ಲಿ ಹಿಡಿದ ಒಂದು ಸೀಸೆ ಎಣ್ಣೆಯಿಂದಲೇ ಲೆಕ್ಕ ತಿಳಿಯುವಂತಿದ್ದರೆ ಎಷ್ಟು ಚೆನ್ನ! ಭೂರಸಾಯನ ಶಾಸ್ತ್ರವು ಮಾಡಿರುವುದು ಇದನ್ನೇ.

ಹಾಲಿನ ಲೆಕ್ಕ

ವಿಧಾನದ ತಿರುಳನ್ನು ಹಾಲಿನ ಸಂಘದಲ್ಲಿ ಕಲಿಯಬಹುದು. ಹಸುವಿನ ಹಾಲಿನಲ್ಲಿ ಕೊಬ್ಬಿನ ಅಂಶ ನೂರಕ್ಕೆ 4, ಎಮ್ಮೆಯ ಹಾಲಿನಲ್ಲಿ ನೂರಕ್ಕೆ 7 ಎಂದಿಟ್ಟುಕೊಳ್ಳಿ. ಎರಡೂ ಬೆರೆತ ಕ್ಯಾನಿನ ಹಾಲನ್ನು ಪರೀಕ್ಷಿಸಿದಾಗ ಕೊಬ್ಬು ನೂರಕ್ಕೆ 5 ಬಂದಿತು. ಹಸುವಿನ ಹಾಲಿನಿಂದ ಎಮ್ಮೆಯ ಹಾಲಿಗಿರುವ ದೂರ 3. ಮಿಶ್ರಣವು ಆ ದಾರಿಯಲ್ಲಿ ನಡೆದಿರುವುದು 1. ಅಂದಮೇಲೆ ಕ್ಯಾನಿನಲ್ಲಿ ಎಮ್ಮೆಯ ಹಾಲು ಮೂರರಲ್ಲಿ ಒಂದು ಪಾಲು, ಹಸುವಿನದು ಎರಡು ಪಾಲು. ಬೆರೆಸುವಾಗ ನಾವು ಅಲ್ಲಿ ಇರಬೇಕಾಗಿಲ್ಲ. ಬೆರೆತ ವಸ್ತುವೇ ತನ್ನ ಪಾಲುಗಳನ್ನು ಹೇಳುತ್ತದೆ.

ಆದರೆ ಈ ಲೆಕ್ಕಕ್ಕೆ ಮೂರು ಕಟ್ಟುಪಾಡುಗಳಿವೆ. ಮೊದಲನೆಯದು, ಬೆರೆಯುವ ಮುನ್ನ ಎರಡು ಹಾಲುಗಳೂ ಹೇಗಿದ್ದವೆಂಬುದು ತಿಳಿದಿರಬೇಕು. ಎರಡನೆಯದು, ಅವು ಬೇರೆ ಬೇರೆಯಾಗಿರಬೇಕು. ನೂರಕ್ಕೆ 4 ಕೊಬ್ಬಿರುವ ಇಬ್ಬರ ಹಸುಗಳ ಹಾಲು ಬೆರೆತರೆ ಕೊಬ್ಬಿನ ಅಳತೆಯಿಂದ ಯಾರ ಪಾಲೆಷ್ಟೆಂದು ಬಿಡಿಸಲಾಗದು. ಮೂರನೆಯದು, ಬೆರೆತಿರುವ ವಸ್ತುಗಳೆಷ್ಟೆಂಬುದು ಗೊತ್ತಿದ್ದು, ಅಳತೆಗಳು ಅದಕ್ಕೆ ಸಾಕಷ್ಟಿರಬೇಕು. ಎಮ್ಮೆಯ ಹಾಲಿಗೆ ನೀರು ಹೊಯ್ದರೂ ಕೊಬ್ಬು ನೂರಕ್ಕೆ 5 ಆಗಬಹುದಲ್ಲವೆ? ಅದನ್ನು ಬಯಲಿಗೆಳೆಯಲು ಲ್ಯಾಕ್ಟೋಮೀಟರಿನ ಎರಡನೆಯ ಅಳತೆ ಬೇಕು. ಎರಡು ಮೂಲಗಳನ್ನು ಬಿಡಿಸಲು ಒಂದು ಅಳತೆ, ಮೂರಕ್ಕೆ ಎರಡು, ನಾಲ್ಕಕ್ಕೆ ಮೂರು. ಇದು ಸಾಮಾನ್ಯ ನಿಯಮ.

ಎಣ್ಣೆಯ ಬೆರಳಚ್ಚು

ಹಾಲಿನಲ್ಲಿ ಕೊಬ್ಬಿದ್ದಂತೆ ಎಣ್ಣೆಯಲ್ಲಿ ಅಳೆಯತಕ್ಕುದೇನು? ಕಲ್ಲೆಣ್ಣೆಯು ಒಂದು ವಸ್ತುವಲ್ಲ, ಸಾವಿರಾರು ವಸ್ತುಗಳ ಸಂತೆ. ಬಹುಪಾಲು ಇಂಗಾಲ ಮತ್ತು ಜಲಜನಕಗಳಿಂದಲೇ ಆದ ಅಣುಗಳು ಅಲ್ಲಿರುತ್ತವೆ. ಕೆಲವು ನೇರವಾದ ಸರಪಳಿಗಳು, ಕೆಲವು ಕವಲೊಡೆದವು, ಇನ್ನು ಕೆಲವು ಉಂಗುರಗಳು. ಯಾವುದು ಎಷ್ಟಿದೆಯೆಂಬುದು ಆ ಎಣ್ಣೆಯ ಜಾತಕದಂತೆ. ಯಾವ ಜೀವಿಗಳಿಂದ ಹುಟ್ಟಿತು, ಎಷ್ಟು ಕಾವಿನಲ್ಲಿ ಮಾಗಿತು, ಯಾವ ದಾರಿಯಲ್ಲಿ ಹರಿಯಿತು, ಬಂದು ಸೇರಿದ ಕಲ್ಲಿನಲ್ಲಿ ನೀರು ಅದನ್ನು ತೊಳೆಯಿತೆ, ಬ್ಯಾಕ್ಟೀರಿಯಗಳು ಮೇಯ್ದವೆ ಎಂಬ ಪ್ರತಿಯೊಂದು ಸಂಗತಿಯೂ ಅದರಲ್ಲಿ ಗುರುತನ್ನು ಬಿಟ್ಟಿರುತ್ತದೆ. ಒಂದೇ ಜೇಡಿಯಿಂದ ಹುಟ್ಟಿ ನೆರೆಯ ಎರಡು ಪದರಗಳನ್ನು ಸೇರಿದ ಎಣ್ಣೆಗಳಲ್ಲಿಯೂ, ಒಂದೇ ತಾಯಿಯ ಮಕ್ಕಳ ಬೆರಳಚ್ಚುಗಳಲ್ಲಿರುವಂತೆ, ಸಣ್ಣಪುಟ್ಟ ವ್ಯತ್ಯಾಸಗಳು ಅನೇಕ ವೇಳೆ ಕಾಣಬರುತ್ತವೆ.

ಈ ಗುರುತುಗಳನ್ನು ಓದುವ ವಿದ್ಯೆಯು ಹುಟ್ಟಿದ್ದು ಎಲೆಯ ಹಸುರಿನಿಂದ. 20ನೆಯ ಶತಮಾನದ ಆರಂಭದಲ್ಲಿ ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ ಎಂಬವನು ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಇಳಿಸಿ, ಅದರ ಬಣ್ಣಗಳು ಬೇರೆ ಬೇರೆ ಪಟ್ಟೆಗಳಾಗಿ ನಿಲ್ಲುವುದನ್ನು ಕಂಡನು. ಆದುದರಿಂದಲೇ ಈ ವಿಧಾನಕ್ಕೆ ಕ್ರೊಮಟೋಗ್ರಫಿ, ಅಂದರೆ ವರ್ಣಲೇಖನ, ಎಂಬ ಹೆಸರು ಬಂದಿತು. 1930ರ ದಶಕದಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ ಕಲ್ಲೆಣ್ಣೆಯಲ್ಲಿ ಎಲೆಹಸುರಿನ ಅವಶೇಷವನ್ನೇ ಗುರುತಿಸಿ, ಎಣ್ಣೆಯ ಮೂಲವು ಜೀವಿಗಳೆಂಬುದಕ್ಕೆ ಬಲವಾದ ಸಾಕ್ಷಿಯನ್ನು ಒದಗಿಸಿದನು. 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಎಂಬವರು ವಸ್ತುಗಳನ್ನು ಆವಿಯ ರೂಪದಲ್ಲಿ ಬೇರ್ಪಡಿಸುವ ಅನಿಲ ವರ್ಣಲೇಖನವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಎಣ್ಣೆಯ ಸಂತೆಯಲ್ಲಿರುವವರನ್ನು ಒಬ್ಬೊಬ್ಬರನ್ನಾಗಿ ಎಣಿಸುವುದು ಸಾಧ್ಯವಾಯಿತು.

ಇಂದಿನ ಯಂತ್ರದಲ್ಲಿ ಹತ್ತಾರು ಮೀಟರ್ ಉದ್ದದ, ಕೂದಲೆಳೆಯಷ್ಟು ಸಣ್ಣ ರಂಧ್ರವುಳ್ಳ ಕೊಳವೆಯೊಂದು ಸುರುಳಿಯಾಗಿ ಬಿಸಿ ಪೆಟ್ಟಿಗೆಯಲ್ಲಿರುತ್ತದೆ. ಅದರ ಒಳಮೈಗೆ ತೆಳುವಾದ ಲೇಪ. ಎಣ್ಣೆಯ ಒಂದು ಹನಿಗಿಂತಲೂ ಕಡಿಮೆ ಭಾಗವನ್ನು ಆವಿ ಮಾಡಿ, ಹೀಲಿಯಂ ಅಥವಾ ಜಲಜನಕದ ಹರಿವಿನೊಡನೆ ಅದರೊಳಗೆ ಬಿಡುತ್ತಾರೆ. ಹಗುರವಾದ ಅಣುಗಳು ಮೊದಲು ಹೊರಬೀಳುತ್ತವೆ. ಭಾರವಾದವು ಲೇಪದಲ್ಲಿ ತಂಗಿ ತಂಗಿ ತಡವಾಗಿ ಬರುತ್ತವೆ. ಬಂದ ಪ್ರತಿಯೊಂದೂ ಒಂದು ಸಣ್ಣ ಜ್ವಾಲೆಯಲ್ಲಿ ಉರಿದು, ತನ್ನ ಪ್ರಮಾಣಕ್ಕೆ ತಕ್ಕ ವಿದ್ಯುತ್ ಸಂಕೇತವನ್ನು ಕೊಡುತ್ತದೆ. ಫಲವಾಗಿ ದೊರೆಯುವ ಗೆರೆಯು ನೂರಾರು ಶಿಖರಗಳ ಪರ್ವತಶ್ರೇಣಿಯಂತಿರುತ್ತದೆ. ಎತ್ತರದ ಶಿಖರಗಳು ನೇರ ಸರಪಳಿಯ ಅಣುಗಳವು. ಅವು ಎಲ್ಲ ಎಣ್ಣೆಗಳಲ್ಲಿಯೂ ಹೆಚ್ಚುಕಡಮೆ ಒಂದೇ ತರ ಕಾಣಬಹುದು. ಅವುಗಳ ನಡುವೆ ಕವಲಿನ ಮತ್ತು ಉಂಗುರದ ಅಣುಗಳ ಕುಳ್ಳ ಶಿಖರಗಳಿವೆ. ಪದರದಿಂದ ಪದರಕ್ಕಿರುವ ಭೇದವನ್ನು ಅನೇಕ ವೇಳೆ ಹೇಳುವುವು ಆ ಕುಳ್ಳರೇ.

ಸೀಸೆಯಿಂದ ಲೆಕ್ಕಕ್ಕೆ

1987ರಲ್ಲಿ ಕೌಫ್‌ಮನ್, ಅಹಮದ್, ಹೆಂಪ್‌ಕಿನ್ಸ್ ಎಂಬ ಮೂವರು ಇಂಡೊನೇಷ್ಯದ ಪೆಟ್ರೋಲಿಯಂ ಸಮ್ಮೇಳನವೊಂದರಲ್ಲಿ ಈ ಶಿಖರಗಳಿಂದ ಪಾಲನ್ನು ಲೆಕ್ಕ ಹಾಕುವ ಕ್ರಮವನ್ನು ವಿವರಿಸಿದರು. ಅದರ ಹಾದಿ ಹೀಗೆ: ಮೊದಲು ಪ್ರತಿಯೊಂದು ಪದರದ ಶುದ್ಧ ಎಣ್ಣೆಯನ್ನೂ ಪರೀಕ್ಷಿಸಿ, ಹೆಚ್ಚು ಭೇದ ತೋರುವ ಶಿಖರಗಳ ಜೋಡಿಗಳನ್ನು ಆರಿಸುವುದು. ಅನಂತರ ಪ್ರಯೋಗಶಾಲೆಯಲ್ಲೇ ಆ ಎಣ್ಣೆಗಳನ್ನು 25ಕ್ಕೆ 75, 50ಕ್ಕೆ 50 ಎಂಬಂತೆ ಗೊತ್ತಾದ ಪಾಲುಗಳಲ್ಲಿ ಬೆರೆಸಿ, ಜೋಡಿಗಳ ಅನುಪಾತ ಹೇಗೆ ಬದಲಾಗುವುದೆಂಬ ರೇಖೆಯನ್ನು ಎಳೆಯುವುದು. ಕೊನೆಗೆ ಬಾವಿಯಿಂದ ಬಂದ ಎಣ್ಣೆಯ ಅನುಪಾತವು ಆ ರೇಖೆಯಲ್ಲಿ ಎಲ್ಲಿ ಬೀಳುವುದೆಂದು ನೋಡುವುದು. ಗೊತ್ತಾದ ಮಿಶ್ರಣಗಳನ್ನು ಮಾಡಿ ನೋಡಬೇಕಾದುದೇಕೆಂದರೆ, ಒಂದು ವಸ್ತುವಿನ ಪ್ರಮಾಣವು ಹಾಲಿನ ಕೊಬ್ಬಿನಂತೆ ನೇರವಾದ ಗೆರೆಯಲ್ಲಿ ಬದಲಾದರೂ, ಎರಡು ವಸ್ತುಗಳ ಅನುಪಾತವು ಸಾಮಾನ್ಯವಾಗಿ ಬಾಗಿದ ಗೆರೆಯಲ್ಲಿ ಬದಲಾಗುತ್ತದೆ.

ಶಿಖರಗಳು ನೂರಾರು ಇರುವುದು ದೊಡ್ಡ ಅನುಕೂಲ. ಮೂರು ಪದರಗಳನ್ನು ಬಿಡಿಸಲು ಎರಡು ಅಳತೆಗಳು ಸಾಕಾದರೂ, ಹತ್ತಾರು ಅಳತೆಗಳನ್ನು ಒಟ್ಟಿಗೆ ತೆಗೆದುಕೊಂಡು, ಎಲ್ಲದಕ್ಕೂ ಅತ್ಯಂತ ಸಮೀಪವಾಗಿ ಒಪ್ಪುವ ಪಾಲುಗಳನ್ನು ಗಣಿತದಿಂದ ಆರಿಸಬಹುದು. ಒಂದು ಶಿಖರದ ಅಳತೆಯಲ್ಲಿ ಬಂದ ತಪ್ಪು ಉಳಿದವುಗಳ ನಡುವೆ ಕರಗಿಹೋಗುತ್ತದೆ. ವಾರಕ್ಕೊಂದು, ತಿಂಗಳಿಗೊಂದು ಸೀಸೆಯನ್ನು ಹಿಡಿಯುತ್ತ ಹೋದರೆ ಬಾವಿಯ ದಿನಚರಿಯೇ ಕೈಗೆ ಸಿಗುತ್ತದೆ. ನಾವು ಮೇಲೆ ಕಲ್ಪಿಸಿಕೊಂಡ ಬಾವಿಯಲ್ಲಿ ಕೆಳಗಿನ ಪದರವು ಸೋಲತೊಡಗಿದ್ದು ಎಂದಿನಿಂದ ಎಂಬುದೂ ಹೀಗೆ ತಿಳಿದುಬರುತ್ತದೆ.

ಮಿತಿಗಳನ್ನೂ ಹೇಳಬೇಕು. ಬೆರಳಚ್ಚು ಕೊಡುವುದು ಪಾಲನ್ನು ಮಾತ್ರ, ಮೊತ್ತವನ್ನಲ್ಲ. ಒಟ್ಟು ಎಣ್ಣೆಯನ್ನು ಬೇರೆಯಾಗಿ ಅಳೆಯಲೇಬೇಕು. ಅದು ಹೇಳುವುದು ಎಣ್ಣೆಯ ಪಾಲನ್ನೇ ಹೊರತು, ಎಣ್ಣೆಯೊಡನೆ ಬರುವ ನೀರು ಯಾವ ಪದರದ್ದೆಂಬುದನ್ನಲ್ಲ. ನೀರಿಗೆ ನೀರಿನ ಲವಣಗಳನ್ನೇ ಕೇಳಬೇಕು. ಸೀಸೆಯ ಮುಚ್ಚಳ ಸಡಿಲವಾಗಿ ಹಗುರ ಭಾಗ ಆರಿಹೋದರೆ ಬೆರಳಚ್ಚು ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಶುದ್ಧ ಮಾದರಿಗಳನ್ನು ಬಾವಿ ಕೊರೆಯುವ ಕಾಲದಲ್ಲೇ ತೆಗೆದಿಡಬೇಕು. ಪದರಗಳ ಬಾಯಿ ತೆರೆದು ಎಲ್ಲವೂ ಬೆರೆತ ಮೇಲೆ, ಬೆರೆಯದ ಎಣ್ಣೆಯನ್ನು ಎಲ್ಲಿಂದ ತರುವುದು?

ಮತ್ತೆ ಭೀಮೆಯ ಬಯಲಿಗೆ

ಈಗ ಅಗರಖೇಡದ ಕೊಳವೆ ಬಾವಿಗೆ ಮರಳೋಣ. ಎಣ್ಣೆಯ ಶಿಖರಗಳು ನೀರಿನಲ್ಲಿಲ್ಲ. ಆದರೆ ನೀರಿಗೂ ಅದರದೇ ಆದ ಗುರುತುಗಳಿವೆ. ಗೊಬ್ಬರದ ಮತ್ತು ಕೊಟ್ಟಿಗೆಯ ನೈಟ್ರೇಟು ಸಾಮಾನ್ಯವಾಗಿ ಮೇಲಿನ ಸೆಲೆಯಲ್ಲಿ ಹೆಚ್ಚು. ಕ್ಲೋರೈಡು ಸುಲಭವಾಗಿ ಕಲ್ಲಿನೊಡನೆ ಬೆರೆಯದ, ನಂಬತಕ್ಕ ಸಾಕ್ಷಿ. ಬಹುಕಾಲ ಕಲ್ಲಿನ ಸಂಗದಲ್ಲಿದ್ದ ನೀರು ಕಲ್ಲಿನಿಂದ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಇದಲ್ಲದೆ ನೀರಿನ ಅಣುವೇ ಸಾಕ್ಷಿ ಹೇಳಬಲ್ಲದು. ಆಮ್ಲಜನಕದ ಪರಮಾಣುಗಳಲ್ಲಿ ಸಾವಿರಕ್ಕೆ ಸುಮಾರು 2 ಭಾರವಾದವು. ನೀರು ಬಿಸಿಲಿನಲ್ಲಿ ನಿಂತು ಆವಿಯಾದಂತೆ ಹಗುರವಾದವು ಮೊದಲು ಹೋಗಿ, ಉಳಿದ ನೀರಿನಲ್ಲಿ ಭಾರದವುಗಳ ಪಾಲು ಏರುತ್ತದೆ. ಆದುದರಿಂದ ಜಲಾಶಯದಲ್ಲಿ ನಿಂತು ಕಾಲುವೆಯಲ್ಲಿ ಹರಿದು ಇಂಗಿದ ನೀರನ್ನೂ, ನೆಟ್ಟಗೆ ಮಳೆಯಿಂದ ಇಂಗಿದ ನೀರನ್ನೂ ಪ್ರತ್ಯೇಕಿಸುವುದು ಸಾಧ್ಯ.

ನೀರಿನ ವಯಸ್ಸನ್ನು ಹೇಳುವ ಗುರುತೂ ಒಂದುಂಟು. ಅದು ಟ್ರಿಟಿಯಂ, ಅಂದರೆ ಜಲಜನಕದ ವಿಕಿರಣಶೀಲ ರೂಪ. 12.3 ವರ್ಷಗಳಿಗೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಪರಮಾಣು ಬಾಂಬುಗಳ ಪರೀಕ್ಷೆಗಳಿಂದ ಮಳೆಯ ನೀರಿನಲ್ಲಿ ಅದರ ಪ್ರಮಾಣವು 1963ರ ಸುಮಾರಿಗೆ ಅತ್ಯುಚ್ಚಕ್ಕೇರಿತ್ತು. ಸೆಲೆಯೊಂದರ ನೀರಿನಲ್ಲಿ ಟ್ರಿಟಿಯಂ ಕಾಣದಷ್ಟು ಕಡಮೆಯಾಗಿದ್ದರೆ, ಅದು ಬಹುಮಟ್ಟಿಗೆ 1950ರ ದಶಕಕ್ಕೂ ಹಿಂದಿನ ಮಳೆಯೆಂದು ತಿಳಿಯಬೇಕು. ಅಂಥ ನೀರನ್ನು ಎತ್ತಿದರೆ ಒಂದೆರಡು ಮಳೆಗಾಲಗಳಲ್ಲಿ ಅದು ತುಂಬಿಬರುವುದೆಂಬ ಭರವಸೆಯಿಲ್ಲ.

ಹಾಲಿನ ಕಟ್ಟುಪಾಡುಗಳು ಇಲ್ಲಿಗೂ ಅನ್ವಯಿಸುತ್ತವೆ. ಮೇಲಿನ ಸೆಲೆಯ ಶುದ್ಧ ಮಾದರಿ ಪಕ್ಕದ ಹಳೆಯ ತೆರೆದ ಬಾವಿಯಲ್ಲಿ ಸಿಕ್ಕೀತು. ಆಳದ ಸೆಲೆಯದು ಬೇಕಾದರೆ, ಮೇಲಿನ ಸೆಲೆಗಳನ್ನು ಪೈಪು ಇಳಿಸಿ ಮುಚ್ಚಿರುವ ಬಾವಿಯನ್ನು ಹುಡುಕಬೇಕು. ಪಂಪು ನಿಂತಿರುವಾಗ ಒಂದು ಸೆಲೆಯ ನೀರು ರಂಧ್ರದೊಳಗೇ ಇನ್ನೊಂದಕ್ಕೆ ಇಳಿಯುವುದುಂಟು. ಆದಕಾರಣ ಸಾಕಷ್ಟು ಹೊತ್ತು ನೀರೆತ್ತಿದ ಮೇಲೆಯೇ ಸೀಸೆ ಹಿಡಿಯಬೇಕು. ಮಳೆಗಾಲದ ಕೊನೆಯಲ್ಲೊಮ್ಮೆ, ಬೇಸಿಗೆಯ ನಡುವಿನಲ್ಲೊಮ್ಮೆ ಪರೀಕ್ಷಿಸಿದರೆ, ಮೇಲಿನ ಸೆಲೆ ಬತ್ತಿದಂತೆಲ್ಲ ಆಳದ ನೀರಿನ ಪಾಲು ಎಷ್ಟು ಏರುವುದೆಂಬುದು ಕಾಣುತ್ತದೆ. ಟ್ರಿಟಿಯಂ ಮತ್ತು ಭಾರ ಆಮ್ಲಜನಕದ ಅಳತೆಗೆ ದೊಡ್ಡ ಪ್ರಯೋಗಶಾಲೆ ಬೇಕು. ಕ್ಲೋರೈಡು, ನೈಟ್ರೇಟು ಮತ್ತು ನೀರು ವಿದ್ಯುತ್ತನ್ನು ಹರಿಯಗೊಡುವ ಶಕ್ತಿ, ಇವುಗಳ ಪರೀಕ್ಷೆ ಮಾತ್ರ ಸಾಧಾರಣ ಪ್ರಯೋಗಶಾಲೆಯಲ್ಲೇ ಆಗುತ್ತದೆ.

ಎಣ್ಣೆಯ ಬಾವಿಯವರಿಗೆ ಈ ಲೆಕ್ಕವು ಹಣದ ಪ್ರಶ್ನೆ. ಇಂಡಿಯ ನಿಂಬೆಯ ಬೆಳೆಗಾರರಿಗೆ ಅದು ಹತ್ತಾರು ವರ್ಷ ಸಾಕಿದ ಗಿಡಗಳ ಪ್ರಶ್ನೆ. ಸೆಲೆ ಬತ್ತಿದ ಬೇಸಿಗೆಯಲ್ಲಿ ಟ್ಯಾಂಕರಿನ ನೀರನ್ನು ಕೊಂಡು ಗಿಡ ಉಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸದಾಗಿ ಕೊರೆಯುವವರು ಸೆಲೆ ಸಿಕ್ಕಿದ ಆಳವನ್ನು ಬರೆದಿಟ್ಟು, ಮೊದಲ ಸೆಲೆ ದೊರೆತೊಡನೆಯೇ ಒಂದು ಸೀಸೆ ನೀರನ್ನು ಹಿಡಿದು ಪರೀಕ್ಷೆಗೆ ಕಳುಹಿಸಿದರೆ ಅವರಿಗೆ ಹೆಚ್ಚಿನ ಹೊರೆಯೇನೂ ಆಗದು. ಇನ್ನೂ ಆಳಕ್ಕೆ ಕೊರೆದು ಎಲ್ಲವೂ ಬೆರೆತ ಮೇಲೆ, ಆ ಮೊದಲ ಸೀಸೆಯನ್ನು ಎಷ್ಟು ಹಣ ಕೊಟ್ಟರೂ ಮರಳಿ ಪಡೆಯುವಂತಿಲ್ಲ.